ಕೊಲೆ ಬರಿಯ ಕಥೆಯಾಗಿ ಉಳಿಯದಾದಾಗ

1997ರಲ್ಲಿ ತೆರೆಕಂಡ ಹಾಲಿವುಡ್ ಚಿತ್ರ ‘ಐ ನೋ ವಾಟ್ ಯು ಡಿಡ್ ಲಾಸ್ಟ್ ಸಮ್ಮರ್’ ನೋಡಿದವರಿಗೆ ಮಳೆಯಂಗಿ ತೊಟ್ಟು ಕೊಕ್ಕೆ ಹಿಡಿದು ಬರುವ ಕೊಲೆಗಾರನ ನೆನಪಿರಬಹುದು. ಅಮೆರಿಕದ ಲೇಖಕಿ ಲೋಯಿಸ್ ಡಂಕನ್ 1973ರಲ್ಲಿ ಇದೇ ಹೆಸರಿನಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಆ ಕೊಕ್ಕೆಯೇ ಇಲ್ಲ. ನಾಲ್ವರು ತರುಣ ತರುಣಿಯರಿದ್ದ ಕಾರು ಸೈಕಲ್ ಮೇಲೆ ಹೊರಟಿದ್ದ ಬಾಲಕನಿಗೆ ಬಡಿದು ಅವನು ಸಾಯುತ್ತಾನೆ. ಯಾರಿಗೂ ಹೇಳಕೂಡದೆಂದು ನಾಲ್ವರೂ ಮಾತು ಕೊಟ್ಟುಕೊಳ್ಳುತ್ತಾರೆ. ಮುಂದಿನ ಭಯವೆಲ್ಲ ಆ ಮೌನದ ಫಲ. ನಾಲ್ವರಲ್ಲಿ ಒಬ್ಬರೂ ಕೊಲೆಯಾಗುವುದಿಲ್ಲ. ಮಗಳನ್ನು ಕೊಲೆಯಲ್ಲಿ ಕಳೆದುಕೊಂಡ ತಾಯಿಗೆ ಸಾವು ಕಿರುಚಿ ನಗುವ ವಸ್ತುವಲ್ಲ ಎಂದು ಚಿತ್ರ ನೋಡಿದ ಡಂಕನ್ ಬೇಸರಪಟ್ಟರು.

1934ರಲ್ಲಿ ಜನಿಸಿ ಫ್ಲಾರಿಡಾದಲ್ಲಿ ಬೆಳೆದ ಆಕೆಯ ತಂದೆ ತಾಯಿ ಇಬ್ಬರೂ ಛಾಯಾಗ್ರಾಹಕರು. ಹದಿಮೂರನೆಯ ವಯಸ್ಸಿನಲ್ಲೇ ಪತ್ರಿಕೆಯೊಂದಕ್ಕೆ ಕಥೆ ಮಾರಿದ್ದರು. ಆದರೆ ಬರವಣಿಗೆ ಹೊಟ್ಟೆಪಾಡಾದುದು ವಿಚ್ಛೇದನದ ನಂತರ. 1962ರಲ್ಲಿ ಮಕ್ಕಳೊಡನೆ ನ್ಯೂಮೆಕ್ಸಿಕೋದ ಆಲ್ಬುಕರ್ಕಿಗೆ ಬಂದು, ಶುಭಾಶಯ ಪತ್ರಗಳಿಗೆ ಸಾಲು ಹೊಸೆದು, ಪತ್ರಿಕೆಗಳಿಗೆ ಬರೆದು ಸಂಸಾರ ತೂಗಿಸಿದರು. ಪದವಿಯಿಲ್ಲದೆಯೇ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ಬೋಧಿಸಿ, ಅಲ್ಲಿಯೇ 1977ರಲ್ಲಿ ಪದವಿ ಪಡೆದರು. (ನಮ್ಮ ನೇಮಕಾತಿ ನಿಯಮಗಳನ್ನು ಬಲ್ಲ ನನಗೆ ಇದು ಪವಾಡವೆಂದೇ ತೋರುತ್ತದೆ.) ಬೇಡಿಕೆ ನೋಡಿ ಸರಕು ಒದಗಿಸುವ ಲೇಖಕರನ್ನು ವಿಮರ್ಶಕರು ಹಗುರವಾಗಿ ಕಾಣುವುದುಂಟು. ಡಂಕನ್ ವಿಷಯದಲ್ಲಿ ಅದು ಅನ್ಯಾಯ.

1978ರ ‘ಕಿಲ್ಲಿಂಗ್ ಮಿಸ್ಟರ್ ಗ್ರಿಫಿನ್’ ನೋಡಿ. ಕಟ್ಟುನಿಟ್ಟಿನ ಅಧ್ಯಾಪಕರೊಬ್ಬರನ್ನು ಹೆದರಿಸಲೆಂದು ವಿದ್ಯಾರ್ಥಿಗಳು ಅಪಹರಿಸುತ್ತಾರೆ. ಹೃದ್ರೋಗಿಯಾದ ಅವರು ಸಾಯುತ್ತಾರೆ. ಕೊಲ್ಲುವ ಉದ್ದೇಶ ಹೆಚ್ಚಿನವರಿಗೆ ಇರಲಿಲ್ಲ, ಬೇಡವೆನ್ನುವ ಧೈರ್ಯವೂ ಇರಲಿಲ್ಲ. ಗುಂಪಿಗೆ ತಲೆಬಾಗುವ ಹದಿಹರೆಯದ ದೌರ್ಬಲ್ಯವನ್ನು ಇಷ್ಟು ನಿಷ್ಠುರವಾಗಿ ತೋರಿದ ಪುಸ್ತಕವನ್ನು ಶಾಲಾ ಗ್ರಂಥಾಲಯಗಳಿಂದ ತೆಗೆಸಬೇಕೆಂದು ಪೋಷಕರು ಮತ್ತೆ ಮತ್ತೆ ದೂರಿದರು. ಅವರು ಪುಸ್ತಕವನ್ನು ಕೊನೆಯವರೆಗೆ ಓದಿದ್ದರೇ ಎಂಬ ಸಂಶಯ ನನಗಿದೆ.

1989ರ ಬೇಸಿಗೆಯಲ್ಲಿ ‘ಡೋಂಟ್ ಲುಕ್ ಬಿಹೈಂಡ್ ಯು’ ಪ್ರಕಟವಾಯಿತು. ಬಾಡಿಗೆ ಹಂತಕನಿಂದ ತಪ್ಪಿಸಿಕೊಳ್ಳುವ ಅದರ ನಾಯಕಿಗೆ ಮಾದರಿ ಕಿರಿಯ ಮಗಳು ಕೇಟ್ಲಿನ್. ಅದೇ ಜುಲೈ 16ರ ರಾತ್ರಿ, ಆಲ್ಬುಕರ್ಕಿಯಲ್ಲಿ ಕಾರು ಚಲಾಯಿಸುತ್ತಿದ್ದ ಹದಿನೆಂಟರ ಕೇಟ್ಲಿನ್‌ಗೆ ಗುಂಡು ತಗುಲಿತು. ಮರುದಿನ ಆಕೆ ತೀರಿಕೊಂಡಳು. ಗುರಿಯಿಲ್ಲದೆ ನಡೆದ ಗುಂಡು ಹಾರಾಟವೆಂಬ ಪೊಲೀಸರ ತೀರ್ಮಾನವನ್ನು ತಾಯಿ ಒಪ್ಪಲಿಲ್ಲ. ಕಡತ ಮುಚ್ಚುವ ಆತುರ ಎಂಥದೆಂಬುದನ್ನು ಸರ್ಕಾರಿ ಸೇವೆಯಲ್ಲಿದ್ದವರಿಗೆ ವಿವರಿಸಬೇಕಿಲ್ಲ. ತಾವೇ ಸುಳಿವುಗಳನ್ನು ಕಲೆಹಾಕಿ 1992ರಲ್ಲಿ ‘ಹೂ ಕಿಲ್ಡ್ ಮೈ ಡಾಟರ್?’ ಬರೆದರು. ಅದೇ ವರ್ಷ ಯುವಜನ ಸಾಹಿತ್ಯದ ಮಾರ್ಗರೆಟ್ ಎಡ್ವರ್ಡ್ಸ್ ಪ್ರಶಸ್ತಿ ಬಂದಿತು. ಆದರೆ ಅಪಾಯಕ್ಕೆ ಸಿಲುಕಿದ ಹುಡುಗಿಯರ ಕಥೆ ಹೆಣೆಯಲು ಮನಸ್ಸು ಬಾರದಾಯಿತು. 1997ರ ‘ಗ್ಯಾಲೋಸ್ ಹಿಲ್’ ಬಿಟ್ಟರೆ ಬಹುತೇಕ ಚಿಕ್ಕ ಮಕ್ಕಳ ಪುಸ್ತಕಗಳತ್ತ ಹೊರಳಿದರು.

2016ರ ಜೂನ್‌ನಲ್ಲಿ, 82ನೆಯ ವಯಸ್ಸಿನಲ್ಲಿ ಡಂಕನ್ ನಿಧನರಾದರು. 2021ರಲ್ಲಿ ವ್ಯಕ್ತಿಯೊಬ್ಬ ಕೇಟ್ಲಿನ್‌ಳನ್ನು ಕೊಂದವನು ತಾನೆಂದು ಪೊಲೀಸರ ಮುಂದೆ ಹೇಳಿಕೊಂಡ. ಮರುವರ್ಷ ಆತನ ಮೇಲೆ ದೋಷಾರೋಪವಾಯಿತು. 1989ರ ಆ ರಾತ್ರಿ ಪೊಲೀಸರು ಬಂದಾಗ ಆತ ಘಟನಾಸ್ಥಳದಲ್ಲೇ ಇದ್ದ.