ತಪ್ಪು ಹೆಸರು ಹೊತ್ತ ಕನ್ನಡ ಅಕ್ಷರ

ಹಳಗನ್ನಡದ ‘ೞ’ ನೋಡಿದ್ದೀರಾ? ಇವತ್ತಿನ ‘ಏಳು’, ‘ಕೋಳಿ’ ಆಗ ‘ಏೞು’, ‘ಕೋೞಿ’. ಯೂನಿಕೋಡ್‌ನಲ್ಲಿ ಇದರ ಸಂಖ್ಯೆ 0ಸಿಡಿಇ. ಅಧಿಕೃತ ಹೆಸರು ಏನು ಗೊತ್ತಾ? ‘ಕನ್ನಡ ಲೆಟರ್ ಎಫ್‌ಎ’. ಅಂದ್ರೆ ಫ್ಯಾನ್‌ನ ಫ! ಇದಕ್ಕೂ ೞಕ್ಕೂ ಸಂಬಂಧವೇ ಇಲ್ಲ.

ಹೆಸರು ತಪ್ಪು ಅಂತ ಯೂನಿಕೋಡ್ ಪಟ್ಟಿಯಲ್ಲೇ ಬರೆದಿದೆ. ಆದರೂ ತಿದ್ದುವ ಹಾಗಿಲ್ಲ. ಒಮ್ಮೆ ಕೊಟ್ಟ ಹೆಸರು ಬದಲಾಗಬಾರದು ಅನ್ನೋದು ನಿಯಮ. ಬದಲಾದರೆ, ಹೆಸರು ಹಿಡಿದು ಅಕ್ಷರ ಹುಡುಕುವ ಹಳೇ ಪ್ರೋಗ್ರಾಂಗಳು ಕೆಡುತ್ತವೆ.

ಹಾಗಾಗಿ ‘ಎಲ್‌ಎಲ್‌ಎಲ್‌ಎ’ ಅಂತ ಸರಿಯಾದ ಹೆಸರನ್ನೂ ಪಕ್ಕದಲ್ಲಿ ಸೇರಿಸಿದರು. ಪೈಥಾನ್ 3.3ರಿಂದ ಯಾವ ಹೆಸರಲ್ಲಿ ಕೇಳಿದರೂ ೞ ಸಿಗುತ್ತೆ. ನಮ್ಮ ರಾಜಾಜಿನಗರ, ವಿಜಯನಗರದ ಗೇಟುಗಳ ಮೇಲೆ ಹಳೇ ನಂಬರ್, ಹೊಸ ನಂಬರ್ ಎರಡೂ ಇರುತ್ತಲ್ಲ, ಹಾಗೇ.

ಸಿ ಭಾಷೆಯಲ್ಲೂ ಇದೇ ಜಗ್ಗಾಟ. ‘ಗೆಟ್ಸ್’ ಫಂಕ್ಷನ್ ಬಂದಷ್ಟೂ ಅಕ್ಷರ ತುಂಬಿಕೊಂಡು, ಜಾಗ ಮೀರಿ ಪಕ್ಕದ ಮೆಮೊರಿಯನ್ನೂ ಕೆಡಿಸಬಲ್ಲದು. 2011ರ ಸ್ಟ್ಯಾಂಡರ್ಡ್ ಅದನ್ನು ಕೈಬಿಟ್ಟಿತು. ಲಿನಕ್ಸ್‌ನ ಜಿಲಿಬ್‌ಸಿ ಏನು ಮಾಡ್ತು? ಹೊಸ ಸ್ಟ್ಯಾಂಡರ್ಡ್ ಕೇಳುವ ಕೋಡ್‌ಗೆ ಹೆಡರ್ ಫೈಲಿನಲ್ಲಿ ಗೆಟ್ಸ್ ಕಾಣಿಸಲ್ಲ. ಲೈಬ್ರರಿ ಒಳಗೆ ಮಾತ್ರ ಉಳಿದಿದೆ. ಹಳೇ ಪ್ರೋಗ್ರಾಂಗಳು ಓಡಬೇಕಲ್ಲ.

ಹೊಸಬರಿಗೆ ಸರಿದಾರಿ, ಹಳಬರಿಗೆ ಹಳೇ ಬಾಗಿಲು. ಆದರೆ ೞದ ತಪ್ಪು ಹೆಸರು ಇನ್ನು ಹೋಗಲ್ಲ. ಅದಕ್ಕೇ ಮುದ್ರೆ ಬೀಳುವ ಮುಂಚೆಯೇ ಕನ್ನಡ ಬಲ್ಲವರು ಅಲ್ಲಿ ಕೂತಿರಬೇಕು.