ಹಿತ್ತಲಿಗೊಪ್ಪುವ ಮೈಸೂರು ರಾಸ್‌ಬೆರಿ

ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು 1968ರಿಂದ ಹೆಸರಘಟ್ಟದಲ್ಲಿ ನೆಲೆಸಿರುವುದರಿಂದ, ಸೀಬೆ, ಪರಂಗಿಗಳ ತಳಿಯ ಮಾತು ಈ ಸೀಮೆಯ ಜಗಲಿಗಳಲ್ಲಿಯೂ ಕೇಳಿಬರುವುದುಂಟು. ಪರದೇಶಗಳಲ್ಲಿ ಕೆಂಪು ರಾಸ್‌ಬೆರಿಯನ್ನು ಸವಿದು ಬಂದ ನಮ್ಮ ಹಳೆಯ ವಿದ್ಯಾರ್ಥಿಗಳು ಕೆಲವರು, ಅದನ್ನು ಇಲ್ಲಿ ಬೆಳೆಯಬಾರದೇಕೆ ಎಂದು ಕೇಳುತ್ತಾರೆ. ನಾನೂ ಒಮ್ಮೆ ಆ ಮೋಹಕ್ಕೊಳಗಾಗಿ ಸಸಿ ತರಿಸಿ ನೆಟ್ಟವನೇ. ಎರಡು ವರ್ಷಗಳ ಆರೈಕೆಯಲ್ಲಿ ಎಲೆಗಳನ್ನು ಕಂಡೆನೇ ಹೊರತು ಒಂದು ಹಣ್ಣನ್ನೂ ಕಾಣಲಿಲ್ಲ.

ಕಾರಣ ಸ್ಪಷ್ಟವಾದುದು. ಕೆಂಪು ರಾಸ್‌ಬೆರಿಯ ಬಹುತೇಕ ತಳಿಗಳು ಹೂಬಿಡಬೇಕಾದರೆ, ಚಳಿಗಾಲದಲ್ಲಿ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಶೈತ್ಯದಲ್ಲಿ 800 ಗಂಟೆಗಳಿಗೂ ಮಿಗಿಲಾಗಿ ನಿದ್ರಿಸಬೇಕು. ಬೆಂಗಳೂರಿನ ದಾಖಲೆಗಳಲ್ಲಿ ಅತ್ಯಂತ ಕಡಿಮೆಯಾದ ಉಷ್ಣತೆಯೆಂದರೆ 1884ರ ಜನವರಿಯ 7.8 ಡಿಗ್ರಿ. ನಿದ್ರೆಯೇ ಬಾರದ ಗಿಡ ಎಚ್ಚರಗೊಳ್ಳುವುದೆಂತು?

ಆದರೆ ಇದೇ ಕುಲದ ಇನ್ನೊಂದು ಗಿಡ ನಮ್ಮ ನಾಡಿನ ಹೆಸರನ್ನೇ ಹೊತ್ತು ಫ್ಲಾರಿಡಾದ ತೋಟಗಳಲ್ಲಿ ಬೆಳೆಯುತ್ತಿದೆ. ಅದೇ ಮೈಸೂರು ರಾಸ್‌ಬೆರಿ. ಹಿಮಾಲಯದ ತಪ್ಪಲಿನಿಂದ ದಕ್ಷಿಣದ ಬೆಟ್ಟಗಳವರೆಗೆ ತಾನಾಗಿ ಬೆಳೆಯುವ ಇದಕ್ಕೆ ಸಸ್ಯಶಾಸ್ತ್ರದಲ್ಲಿ ‘ರುಬಸ್ ನೀವಿಯಸ್’ ಎಂದು ಹೆಸರು. ‘ನೀವಿಯಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹಿಮಧವಳ. ಎಲೆಯ ಅಡಿಭಾಗದ ಬಿಳುಪಿಗೂ ಕಾಂಡದ ಮೇಲಿನ ಬೂದಿಬಣ್ಣದ ಪುಡಿಗೂ ಸಲ್ಲುವ ಈ ಹೆಸರು ವೈಯಾಕರಣರು ಹೇಳುವ ಅನ್ವರ್ಥನಾಮವೇ ಸರಿ. ಹೆಸರಿನಲ್ಲಿ ಹಿಮವಿದ್ದರೂ ಗಿಡಕ್ಕೆ ಹಿಮ ಬೇಡವೆಂಬುದು ಸ್ವಾರಸ್ಯ!

ನೀರು ನಿಲ್ಲದ ಸ್ಥಳ ಇದಕ್ಕೆ ಮುಖ್ಯ. ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ. ಬದನೆ, ಟೊಮ್ಯಾಟೊ, ಆಲೂಗಡ್ಡೆ ಬೆಳೆದ ಪಾತಿಯಲ್ಲಿ ನೆಡಬಾರದು. ಅವುಗಳನ್ನು ಬಾಧಿಸುವ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು ಇದನ್ನೂ ಹಿಡಿಯುತ್ತದೆ. ನಮ್ಮ ಕೆಂಪು ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ಬೆರೆಸಿ, ಗಿಡದಿಂದ ಗಿಡಕ್ಕೆ ಏಳೆಂಟು ಅಡಿ ಅಂತರ ಬಿಟ್ಟು, ಬುಡಕ್ಕೆ ತರಗೆಲೆ ಹೊದಿಸಬೇಕು. ಬಾಗಿದ ಕಾಂಡದ ತುದಿಯನ್ನು ಮಣ್ಣಿನಲ್ಲಿ ಹುದುಗಿಸಿದರೆ ಬೇರೊಡೆದು ಹೊಸ ಸಸಿಯಾಗುತ್ತದೆ.

ಸವರುವಿಕೆಯಲ್ಲಿಯೇ ಹೆಚ್ಚಿನವರು ಎಡವುವುದು. ಒಮ್ಮೆ ಫಲವಿತ್ತ ಕಾಂಡ ಒಣಗಿಹೋಗುವಂಥದು. ಕೊಯ್ಲು ಮುಗಿದೊಡನೆ ಅದನ್ನು ಬುಡಸಮೇತ ಕತ್ತರಿಸಿ, ಕೆಳಗಿನಿಂದೆದ್ದ ಹೊಸ ಹಿಳ್ಳುಗಳಲ್ಲಿ ಬಲವಾದ ನಾಲ್ಕೈದನ್ನು ಮಾತ್ರ ಉಳಿಸಿ ತಂತಿಗೆ ಕಟ್ಟಬೇಕು. ಅವು ನಾಲ್ಕು ಅಡಿ ಎತ್ತರವಾದಾಗ ತುದಿಯನ್ನು ಚಿವುಟಿದರೆ ಪಕ್ಕದ ಕವಲುಗಳೊಡೆದು ಫಲ ಹೆಚ್ಚುತ್ತದೆ. ಕೊಕ್ಕೆಮುಳ್ಳುಗಳಿವೆ, ಬರಿಗೈಯಲ್ಲಿ ಮುಟ್ಟುವುದು ಸಲ್ಲದು. ಹಣ್ಣು ಕೆಂಪಾದಾಗ ಅವಸರಪಡದೆ, ಕಪ್ಪಡರಿ, ಮೆಲ್ಲನೆ ಎಳೆದರೆ ತೊಟ್ಟಿನ ದಿಂಡನ್ನು ಗಿಡದಲ್ಲಿಯೇ ಬಿಟ್ಟು ಟೊಳ್ಳಾಗಿ ಕಳಚಿ ಬರುವವರೆಗೆ ಕಾಯಬೇಕು.

ಒಂದು ಎಚ್ಚರಿಕೆ. ಹಕ್ಕಿಗಳು ಬೀಜ ಹರಡಿದುದರಿಂದ ಇದೇ ಗಿಡ ಗಲಪಗೊಸ್ ದ್ವೀಪಗಳಲ್ಲಿ ಅಲ್ಲಿನ ಕಾಡನ್ನೇ ನುಂಗುವ ಕಳೆಯಾಗಿದೆ. ಆದ್ದರಿಂದ ಹಣ್ಣಿನ ಕಾಲದಲ್ಲಿ ಬಲೆ ಹೊದಿಸಿ, ಬೇಲಿಯಾಚೆ ಮೊಳೆತ ಸಸಿಗಳನ್ನು ಆಗಾಗ ಕಿತ್ತುಹಾಕುತ್ತಿರಬೇಕು.