ಕೈಫಿಯತ್ತು ಕೇಳಿದವನ ಊರಿನ ಹಡಗು

ಅತ್ತ ಚಿತ್ರದುರ್ಗ, ಇತ್ತ ಶ್ರವಣಬೆಳಗೊಳ ಅಂತ ಊರೂರಿನ ಕಥೆ ಕೇಳಿಸಿ ಕೈಫಿಯತ್ತುಗಳಾಗಿ ಬರೆಸಿಟ್ಟ ಕರ್ನಲ್ ಕಾಲಿನ್ ಮೆಕೆಂಜಿ ಯಾವ ಊರಿನವನು ಎಂದು ನಾನು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ! ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ವಿಜಯನಗರದ ನಮ್ಮ ಮನೆಯ ಕಪಾಟಿನಲ್ಲೇ ಇದೆ. ಒಂದು ರಾತ್ರಿ ತಲೆ ಕೆಟ್ಟು ಹುಡುಕಿದೆ. ಸಿಕ್ಕಿದ್ದು ಸ್ಟಾರ್ನೊವೇ. ಸ್ಕಾಟ್ಲೆಂಡಿನ ವಾಯವ್ಯದ ಲೂಯಿಸ್ ದ್ವೀಪದ ಪುಟ್ಟ ಬಂದರು. ನಕಾಶೆಯನ್ನು ಹಿಗ್ಗಿಸುತ್ತಾ ಹೋದೆ. ಬಂದರಿನ ಬಾಯಲ್ಲೇ ಒಂದಿಷ್ಟು ಬಂಡೆಗಳು, ಪಕ್ಕದಲ್ಲೊಂದು ಸ್ಮಾರಕ. ಯಾವುದರದು? ಆಮೇಲೆ ಬೆಳಗಿನವರೆಗೂ ನಿದ್ದೆ ಬರಲಿಲ್ಲ.

1918ರ ಡಿಸೆಂಬರ್ 31. ಮೊದಲ ಮಹಾಯುದ್ಧ ನಿಂತು ಏಳು ವಾರವಾಗಿದೆ. ದ್ವೀಪದಲ್ಲಿದ್ದದ್ದೇ ಸುಮಾರು ಮೂವತ್ತು ಸಾವಿರ ಜನ. ಅದರಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿ ಯುದ್ಧಕ್ಕೆ ಹೋಗಿದ್ದರು, ಸುಮಾರು ಸಾವಿರ ಮಂದಿ ಸತ್ತಿದ್ದರು. ಉಳಿದವರು ಹೊಸ ವರ್ಷಕ್ಕೆ ಮನೆಗೆ! ಕೈಲ್ ಆಫ್ ಲೊಖಾಲ್ಶ್ ಬಂದರಿನಲ್ಲಿ ದಿನನಿತ್ಯದ ‘ಶೀಲಾ’ ಹಡಗು (ಹೌದು, ಶೀಲಾ ಅಂತಲೇ ಹೆಸರು) ತುಂಬಿ ತುಳುಕಿತು. ಮಿಕ್ಕವರನ್ನು ನೌಕಾಪಡೆಯ ‘ಅಯೊಲೇರ್’ಗೆ ಹತ್ತಿಸಿದರು. ಅದು 1881ರಲ್ಲಿ ಕಟ್ಟಿದ, ಹಿಂದೊಮ್ಮೆ ಸಿರಿವಂತರ ವಿಹಾರಕ್ಕಿದ್ದ ನಾವೆ. ಹತ್ತಿದವರು ಸುಮಾರು 280. ರಕ್ಷಣಾ ದೋಣಿಗಳಲ್ಲಿ ಜಾಗವಿದ್ದದ್ದು 100 ಜನರಿಗೆ, ತೇಲುವ ಅಂಗಿಗಳು 80.

ರಾತ್ರಿ 1 ಗಂಟೆ 55 ನಿಮಿಷ. ಬಂದರಿನ ದೀಪಗಳು ಕಾಣುತ್ತಿವೆ. ಒಂದು ಮೈಲಿಯೂ ಇಲ್ಲ. ಹೊಸಹಳ್ಳಿ ಮೆಟ್ರೋದಲ್ಲಿ ಹತ್ತಿದರೆ ವಿಜಯನಗರದಲ್ಲಿ ಇಳಿಯುವಷ್ಟು ದೂರ ಇದ್ದೀತು. ಮನೆಗಳಲ್ಲಿ ಒಲೆ ಆರದಂತೆ ಕಾಯುತ್ತಾ ತಾಯಂದಿರು ಎಚ್ಚರವಾಗಿದ್ದಾರೆ. ಆಗ ಹಡಗು ‘ಬೀಸ್ಟ್ಸ್ ಆಫ್ ಹೋಮ್’ ಎಂಬ ಬಂಡೆಗಳಿಗೆ ಬಡಿಯಿತು. ದಡ ಅಲ್ಲಿಂದ ಅರವತ್ತು ಅಡಿ, ಅಷ್ಟೇ! ಆದರೆ ಕತ್ತಲು, ಬಿರುಗಾಳಿ, ಬಂಡೆಗಪ್ಪಳಿಸುವ ಅಲೆ. ಮೈಮೇಲೆ ನೆಂದ ಸಮವಸ್ತ್ರ, ಕಾಲಲ್ಲಿ ಭಾರದ ಬೂಟು. ಇವರಲ್ಲಿ ಬಹುಪಾಲು ಮೀನುಗಾರರ ಮಕ್ಕಳು, ಆ ನೀರಿನಲ್ಲೇ ದೋಣಿ ನಡೆಸಿದವರು. ಆ ರಾತ್ರಿ ಮಾತ್ರ ಅವರು ಬರೀ ಪ್ರಯಾಣಿಕರು. ನನಗೆ ಹೊಟ್ಟೆ ಉರಿದದ್ದು ಇಲ್ಲಿ.

ನೆಸ್ ಎಂಬ ಊರಿನ ದೋಣಿ ಕಟ್ಟುವವನೊಬ್ಬನಿದ್ದ, ಜಾನ್ ಫಿನ್ಲೆ ಮ್ಯಾಕ್ಲೌಡ್. ಹಗ್ಗ ಹಿಡಿದು ಆ ನೊರೆಯೊಳಗೆ ಧುಮುಕಿದ, ದಡ ಮುಟ್ಟಿದ! ಆ ಹಗ್ಗ ಹಿಡಿದೇ ಸುಮಾರು 40 ಜನ ದಾಟಿದರು, ಅಂದರೆ ಬದುಕಿದವರಲ್ಲಿ ಅರ್ಧ. ಇನ್ನೊಬ್ಬ, ಡೊನಾಲ್ಡ್ ಮಾರಿಸನ್, ನೀರಿನ ಮೇಲೆ ಉಳಿದಿದ್ದ ಪಟಸ್ತಂಭಕ್ಕೆ ಅಂಟಿಕೊಂಡು ಬೆಳಗು ಮಾಡಿದ. ಸತ್ತವರು 201. ಇನ್ನೂ ಎಷ್ಟೋ ಶವ ಸಿಕ್ಕಿರಲಿಲ್ಲ, ಅಷ್ಟರಲ್ಲೇ ನೌಕಾ ಇಲಾಖೆ ಒಡೆದ ಹಡಗನ್ನು ಮಾರಾಟಕ್ಕಿಟ್ಟಿತು. ಎಂಥ ಜನ!

ಅಚ್ಚರಿ ಇನ್ನೂ ಇದೆ. ಆಮೇಲೆ ಆ ದ್ವೀಪ ಬಾಯಿ ಬಿಡಲಿಲ್ಲ. ದಶಕಗಟ್ಟಲೆ. ಬದುಕಿ ಬಂದವರು ಹೆಂಡತಿ ಮಕ್ಕಳ ಮುಂದೂ ಆಡಲಿಲ್ಲ. ಆದರೆ ಅದಕ್ಕೆ ಎಷ್ಟೋ ಮೊದಲು ಅದೇ ಸ್ಟಾರ್ನೊವೇಯಲ್ಲಿ ಸುಂಕದ ಕಚೇರಿಯ ಕೆಲಸ ಬಿಟ್ಟು 1783ರಲ್ಲಿ ಮದ್ರಾಸಿಗೆ ಬಂದ ಮೆಕೆಂಜಿ ಏನು ಮಾಡಿದ? 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. ಮರುವರ್ಷದಿಂದ ಮೈಸೂರು ಸೀಮೆ ಅಳೆಯುತ್ತಾ, ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸೋದರರ ಬೆನ್ನುಬಲದಿಂದ ಸಿಕ್ಕವರನ್ನೆಲ್ಲ ಮಾತಾಡಿಸಿದ. ನಿಮ್ಮ ಕೆರೆ ಯಾರು ಕಟ್ಟಿಸಿದ್ದು, ಪಾಳೆಯಗಾರ ಯಾರು, ಗುಡಿ ಯಾವಾಗಿನದು? ‘ರಾಜಾವಳಿ ಕಥೆ’ಯ ದೇವಚಂದ್ರನೂ ಅವನ ನಂಟಿಗೆ ಬಂದವನೇ. ಮೆಕೆಂಜಿ ಮಾತ್ರ ಊರಿಗೆ ಮರಳಲಿಲ್ಲ. 1821ರಲ್ಲಿ ತೀರಿಕೊಂಡು ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನ ಸ್ಮಶಾನದಲ್ಲಿ ಮಲಗಿದ್ದಾನೆ.

ಅವನ ಊರಿನವರ ಈ ಕಥೆಯೂ 1978ರಲ್ಲಿ ಪುಸ್ತಕವಾಯಿತು. ನಾರ್ಮನ್ ಮ್ಯಾಲ್ಕಮ್ ಮ್ಯಾಕ್‌ಡೊನಾಲ್ಡ್ ತಮ್ಮ ಗೇಲಿಕ್ ನುಡಿಯಲ್ಲೇ ಬರೆದರು. ನನ್ನ ಲೆಕ್ಕದಲ್ಲಿ ಅದು ಲೂಯಿಸ್ ದ್ವೀಪದ ಕೈಫಿಯತ್ತು. ಆದರೆ ಮೆಕೆಂಜಿಯ ಜನ ಹೋಗಿದ್ದರೆ ಮೊದಲು ಕೇಳುತ್ತಿದ್ದ ಪ್ರಶ್ನೆ ಇನ್ನೂ ಹಾಗೇ ಇದೆ: ಹಡಗು ದಾರಿ ಬಿಟ್ಟು ಅತ್ತ ತಿರುಗಿದ್ದೇಕೆ? ಅಧಿಕಾರಿಗಳು ಸಾಕಷ್ಟು ಎಚ್ಚರ ವಹಿಸಲಿಲ್ಲ ಎಂದು 1919ರ ಫೆಬ್ರವರಿಯ ವಿಚಾರಣೆ ಹೇಳಿತು. ಆ ಅಧಿಕಾರಿಗಳಲ್ಲಿ ಉತ್ತರ ಕೊಡಲು ಒಬ್ಬನೂ ಉಳಿದಿರಲಿಲ್ಲ.